ಕಲ್ಯಾಣಿಯಲ್ಲಿ ಕದ್ದ ಒಂದು ದಿನ

ಲಿಂಗ ಕೆರೆಗೆ ಬೀಳಲಿಲ್ಲ, ನಾಗವ್ವ ಅತ್ತಿ. ನಾನೇ ಅದನ್ನು ಜೋಳದ ಕಣಜದಲ್ಲಿ ಹುಗಿದೆ. ಆಮೇಲೆ ನಿನ್ನ ಮೇಲೆ ಸುಳ್ಳು ಹೇಳಿದೆ.

ಇಷ್ಟು ಬರೆಯಲು ನನಗೆ ಮೊಮ್ಮಗಳು ಹುಟ್ಟಬೇಕಾಯಿತು. ಹುಟ್ಟಿದ್ದಾಳೆ, ಅತ್ತಿ! ಮುಷ್ಟಿಯಷ್ಟು ಮುಖ, ತಲೆತುಂಬ ಕೂದಲು — ಓಣಿಯಲ್ಲಿ ಕಂಡಕಂಡವರ ಬಾಯಿಗೆ ಸಕ್ಕರೆ ಹಾಕುತ್ತ ತಿರುಗುತ್ತಿದ್ದೇನೆ. ಆದರೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಾಳೆ ಕೂಸಿಗೆ ಲಿಂಗ ಕಟ್ಟಬೇಕು. ನಮ್ಮಲ್ಲಿ ಮಠದ ಅಯ್ಯನವರು ಕೊಟ್ಟ ಲಿಂಗವನ್ನು ಮೊದಲು ಅಂಗೈಯಲ್ಲಿ ಹಿಡಿಯುವವಳು ಮನೆಯ ಹಿರಿಯಳು. ಅಂದರೆ ನಾನು. ಈ ಕೈ —

ಎರಡು ವರ್ಷ ಉರ್ದು ಶಾಲೆಯಲ್ಲಿ ಕೂತವಳು, ಕನ್ನಡ ಅಕ್ಷರ ಮಠದಲ್ಲಿ ಕಲಿತವಳು. ನಿನ್ನೆದುರು ಬಾಯಿ ತಡವರಿಸಬಾರದೆಂದು ಮೊದಲು ಬರೆದು ನೋಡುತ್ತಿದ್ದೇನೆ.

ಆಗ ನಿಜಾಮರ ಕಾಲ. ಬೇಸಿಗೆ ಬಂದರೆ ಹುಮನಾಬಾದದಿಂದ ಬಂಡಿ ಕಟ್ಟಿಕೊಂಡು ಅವ್ವನ ತವರಿಗೆ ಹೊರಡುತ್ತಿದ್ದೆವು. ಈಗಿನವರು ಬಸವಕಲ್ಯಾಣ ಎನ್ನುತ್ತಾರೆ, ನಮಗದು ಕಲ್ಯಾಣಿ. ಕೋಟೆಯ ಫಿರಂಗಿಯ ಮೇಲೆ ಕುದುರೆ ಏರಿದಂತೆ ಕೂರುತ್ತಿದ್ದೆವು. ಕಾದ ಕಬ್ಬಿಣ ತೊಡೆ ಸುಟ್ಟರೂ ಇಳಿಯುತ್ತಿರಲಿಲ್ಲ. ಮಾವನನ್ನು ಮದುವೆಯಾಗಿ ಹೊಸದಾಗಿ ಬಂದಿದ್ದ ನೀನು ಕೆರೆಗೆ ಹೋಗುವಾಗೆಲ್ಲ ನನ್ನ ಕೈ ಹಿಡಿದುಕೊಂಡೇ ಹೋಗುತ್ತಿದ್ದೆ.

ಹೊರಡುವ ಬೆಳಿಗ್ಗೆ ಮಾವ ಎತ್ತು ಹೂಡುತ್ತಿದ್ದ.

"ಹುಮನಾಬಾದಿಗಿ ಹೋಗೋದಂದ್ರ ಈಕಿ ಮಾರಿ ನೋಡ್ರಿ, ಹುಣಸಿಕಾಯಿ ಕಚ್ಚಿದಂಗ ಆಗ್ಯಾದ!" ಎಂದಳು ಅವ್ವ.

ಎಲ್ಲರೂ ನಕ್ಕರು. ನನಗೆ ಇನ್ನೊಂದು ದಿನ ಬೇಕಾಗಿತ್ತು. ಬರೀ ಒಂದು ದಿನ.

ನನ್ನ ಆಯಿ, ಅಂದರೆ ಅವ್ವನ ಅವ್ವ, ನಿನ್ನ ಅತ್ತೆ, ಹಳೆಯ ಶಿವದಾರ ಬಿಚ್ಚಿ ಹೊಸದನ್ನು ಹೊಸೆಯುತ್ತಿದ್ದಳು. ಕೊರಳಲ್ಲಿರಬೇಕಾದ ಲಿಂಗ ಬಿಳಿ ಬಟ್ಟೆ ಸುತ್ತಿಕೊಂಡು ದೇವರ ಕೋಣೆಯ ಗೋಡೆಯ ಮಾಡದಲ್ಲಿತ್ತು. ಲಿಂಗ ಕಾಣದಿದ್ದರೆ ಆಯಿ ನೀರೂ ಮುಟ್ಟುವುದಿಲ್ಲ, ಆಯಿ ಉಣ್ಣದೆ ಅವ್ವ ಬಂಡಿ ಹತ್ತುವುದಿಲ್ಲ — ಅಷ್ಟು ಬುದ್ಧಿ ನನಗಿತ್ತು. ಅಷ್ಟೇ ಇತ್ತು. ಆ ಗಂಟನ್ನು ಒಯ್ದು ಕಣಜದ ಜೋಳದೊಳಗೆ ಮೊಣಕೈವರೆಗೆ ಕೈ ಇಳಿಸಿ ಬಿಟ್ಟೆ. ಹೊರಡುವುದು ತಪ್ಪಿ ಬಂಡಿ ನಿಂತ ಮೇಲೆ ತೆಗೆದರಾಯಿತು ಎಂದುಕೊಂಡಿದ್ದೆ.

ಲಿಂಗ ಕಾಣದಾಯಿತು, ಬಂಡಿ ನಿಂತಿತು. ಆಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತುಬಿಟ್ಟಳು. ನಾನು ಓಡಿಹೋಗಿ ಕಣಜಕ್ಕೆ ಕೈ ಹಾಕಿದೆ — ಜೋಳ, ಬರೀ ಜೋಳ. ಎಷ್ಟು ಕೆದಕಿದರೂ ಕೈಗೆ ಹತ್ತಲಿಲ್ಲ.

ಆ ಬೆಳಿಗ್ಗೆ ಮಾಡದ ಹಳೆಯ ಹೂವು ಪತ್ರೆ ಬಳಿದು ಕೆರೆಗೆ ಬಿಟ್ಟು ಬಂದವಳು ನೀನು. ಎಲ್ಲರೂ ನಿನ್ನನ್ನೇ ನೋಡಿದರು.

"ಇಲ್ರಿ ಅತ್ತಿ, ಹೂವಿನಾಗ ಏನೂ ಇರ್ಲಿಲ್ರಿ. ಕೂಸು ಇಲ್ಲೇ ಇತ್ತು, ಅದಕ್ಕ ಕೇಳ್ರಿ," ಎಂದೆ ನೀನು. ನನ್ನ ಮೇಲೆ ನಿನಗೆ ಅಷ್ಟು ಭರವಸೆ.

ಆಯಿ ಕಣ್ಣು ತೆರೆದಳು. "ನೀ ನೋಡಿದೇನ? ಖರೇ ಹೇಳ."

"ಹೂವಿನ ಕೂಡ ಬಿಳೇ ಅರಬಿ ಗಂಟ ಒಯ್ದಾಳ, ನಾ ನೋಡೀನಿ," ಎಂದೆ ನಾನು.

ನೀನು ನನ್ನನ್ನು ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹೋಗಿ ಸೊಂಟದವರೆಗೆ ಕೆರೆಗಿಳಿದೆ, ಕೆಸರನ್ನು ಬೊಗಸೆ ಬೊಗಸೆ ಎತ್ತಿ ಸೋಸತೊಡಗಿದೆ. ನಾನು ದಂಡೆಯ ಮೇಲೆ ಓರಗೆಯ ಹುಡುಗಿಯರೊಡನೆ ಆಡುತ್ತಿದ್ದೆ. ಹೌದು, ಆಡುತ್ತಿದ್ದೆ. ಬೇಡಿದ ದಿನ ಅದೇ ಅಲ್ಲವೇ? ನೀನು ತಿರುಗಿ ನೋಡಿ, "ಬಿಸಲಾಗ ನಿಂದ್ರಬ್ಯಾಡ ಕೂಸ, ಮನಿಗಿ ಹೋಗು," ಎಂದೆ.

ಮರುದಿನ ಅಯ್ಯನವರು ಬಂದು ಬೇರೆ ಲಿಂಗ ಕೊಟ್ಟರು. ಆಯಿ ನೀರು ಕುಡಿದಳು. ಕುಡಿದು ಆಡಿದ ಮೊದಲ ಮಾತು: "ನಾಗವ್ವ, ಇನ್ನ ನೀ ಈ ಮಾಡಕ್ಕ ಕೈ ಹಚ್ಚಬ್ಯಾಡ."

ಆಯಿ ಇರುವತನಕ ನೀನು ಹಚ್ಚಲಿಲ್ಲ. ಪ್ರತಿ ಬೇಸಿಗೆ ಬಂದಾಗ ನೋಡುತ್ತಿದ್ದೆ — ಹೂ ಕಟ್ಟುವವಳು ನೀನು, ದೇವರ ಕೋಣೆಯ ಹೊಸ್ತಿಲ ಆಚೆಯಿಂದ ಇನ್ನೊಬ್ಬರ ಕೈಗೆ ಕೊಡುವವಳು ನೀನು. ಒಳಗೆ ಬರುವಂತಿಲ್ಲ. ಫಿರಂಗಿ ಅಲ್ಲೇ ಇತ್ತು, ನನಗೆ ಹತ್ತುವ ಮನಸ್ಸಾಗುತ್ತಿರಲಿಲ್ಲ. ಈ ಸಲ ಹೇಳುತ್ತೇನೆ, ಈ ಸಲ — ಬಂಡಿ ಪ್ರತಿ ಸಲ ಹೊತ್ತಿಗೆ ಸರಿಯಾಗಿ ಹೊರಡುತ್ತಿತ್ತು.

ಇನ್ನೊಂದು ಕೇಳಲೇ? ಆ ವರ್ಷ ಕಣಜ ಬರಿದು ಮಾಡಿ ಸೆಗಣಿ ಸಾರಿಸಿದವಳು ನೀನೇ. ಲಿಂಗ ನಿನ್ನ ಕೈಗೆ ಸಿಕ್ಕಿತೇ? ಸಿಕ್ಕಿದ್ದರೆ — ಯಾಕೆ ಹೇಳಲಿಲ್ಲ? ಮುಂದಿನ ಬೇಸಿಗೆಯಲ್ಲಿ ನನ್ನ ಉಡಿಗೆ ಹುರಿಗಡಲೆ ಸುರಿಯುತ್ತ ಕ್ಷಣ ಹೊತ್ತು ತಡೆದು ನನ್ನ ಮುಖ ನೋಡಿದೆಯಲ್ಲ, ಆಗ —

ಬೇಡ. ಅದನ್ನು ಕೇಳುವ ಹಕ್ಕೂ ನನಗಿಲ್ಲ.

ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಿನ್ನ ಮಕ್ಕಳು, ಸೊಸೆಯರು ಎಲ್ಲರ ಮುಂದೆ ಹೇಳುತ್ತೇನೆ. ಆಮೇಲೆ ನೀನು ನನ್ನ ಕೂಡ ಹೊರಟರೆ ನಾಳೆ ಕೂಸಿನ ಲಿಂಗ ನಿನ್ನ ಅಂಗೈಯಲ್ಲಿ. ಬರಲಾರೆ ಎಂದರೆ ಅದೂ ಸರಿಯೇ. ಕೂಸಿನ ತಾಯಿ ಹಿಡಿಯಲಿ. ನಾನು ಹೂ ಕಟ್ಟಿ ಹೊಸ್ತಿಲ ಆಚೆಯಿಂದ ಕೊಡುತ್ತೇನೆ.