ಬುಕಿಂಗ್ ಮೇಲೆ ಅಕ್ಕನ ಮನೆಗೆ

ಗೆಳೆಯರೇ, ನಾನು ಶಹನಾಯಿ ಊದಿದರೆ ಅಂಜನಾಪುರದ ಡ್ಯಾಮು ತಾನಾಗಿಯೇ ಕೋಡಿ ಬೀಳುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಇಂಥ ನನಗೆ, ಕಲಾವಿದರನ್ನು ಬುಕ್ ಮಾಡುವ ವೆಬ್‌ಸೈಟಿಗೆ ಚಂದಾ ಕಟ್ಟಿದ ಮೇಲೂ ಬಂದದ್ದು ಒಂದೇ ಫೋನು: "ಡಿಜೆ ಇದೆಯಾ ಅಂಕಲ್?"

ಮೊನ್ನೆ ಮೊದಲ ಬುಕಿಂಗ್ ಬಂತು. ಸೊರಬದಲ್ಲಿ ಸೀಮಂತ. ವಿಳಾಸ ನೋಡಿದರೆ ನನ್ನ ಅಕ್ಕನ ಮನೆ! ಅವಳ ಮಗಳ ಮದುವೆಗೆ ಭಾವ ನನ್ನನ್ನು ಬಿಟ್ಟು ಡಿಜೆ ತರಿಸಿದರೆಂದು ಊಟ ಬಿಟ್ಟು ಎದ್ದು ಬಂದವನು ನಾನು. ಅಂದಿನಿಂದ ಮಾತೂ ಇಲ್ಲ, ಕರೆಯೂ ಇಲ್ಲ.

ಇವತ್ತು ಶಿಕಾರಿಪುರದಿಂದ ಬಸ್ಸು ಹತ್ತಿ ಹೋದೆ. ಭಾವ ಬಾಗಿಲಲ್ಲೇ ತಡೆದರು.

"ನಿನ್ನ ಯಾರು ಕರ್ದಿದ್ರೋ?"

"ನೆಂಟ ಅಂತ ಬಂದಿಲ್ಲ ರೀ ಭಾವ, ಬುಕಿಂಗ್ ಮೇಲೆ ಬಂದೀನಿ. ಗಿರಾಕಿನ ಕರೀರಿ."

ಕೈತುಂಬ ಹಸಿರು ಬಳೆ ತೊಟ್ಟ ಅಕ್ಕನ ಮಗಳು ಹೊರಗೆ ಬಂದಳು. "ನಾನೇ ಅಪ್ಪಾಜಿ ಬುಕ್ ಮಾಡಿದ್ದು. ನೀವು ಕರೆಯಲ್ಲ, ಮಾವ ಕರೀದೆ ಬರಲ್ಲ, ನಾನೇನ್ ಮಾಡ್ಲಿ? ಈಗ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರಲ್ಲ!"

ದುಡ್ಡಿನ ಮಾತು ಕೇಳಿದ್ದೇ ಭಾವ ಬಾಗಿಲು ಬಿಟ್ಟರು. ಮನಸಾರೆ ನುಡಿಸಿದೆ. ಊಟಕ್ಕೆ ಅವರೇ ನನ್ನ ಎಲೆಗೆ ಹೋಳಿಗೆ ಹಾಕಿ, "ಈ ಸಲ ಎದ್ದು ಹೋಗಬ್ಯಾಡ ಮಾರಾಯ" ಎಂದರು. ಅಕ್ಕ ತುಪ್ಪದ ನೆಪದಲ್ಲಿ ಮೂರು ಸಲ ಬಂದು ನನ್ನ ಮುಖ ನೋಡಿ ಹೋದಳು.

ಸೈಟಿನಿಂದ ಕಲಾವಿದರಿಗೆ ಕೆಲಸ ಸಿಗುತ್ತದೆಯೇ ಎಂದು ಕೇಳಬೇಡಿ. ನನಗೆ ಅಕ್ಕನ ಮನೆ ಸಿಕ್ಕಿತು. ಆ ಸೈಟು ಮಾಡಿದವರು ನೂರು ವರ್ಷ ಬಾಳಲಿ. ಹುಡುಗಿ ಬುಕಿಂಗಿಗೆ ಕಟ್ಟಿದ ದುಡ್ಡನ್ನು ಅವಳ ಕೈಗೇ ವಾಪಸ್ ಕೊಟ್ಟೆ, ಜೊತೆಗೊಂದು ಸೀರೆ. ಚಂದಾ ಸೇರಿಸಿ ಎಂಟುನೂರು ಹೋಯಿತೆಂದು ಮನೆಯವಳಿಗೆ ಹೇಳಿದ್ದೇನೆ. ನಿಮ್ಮೊಳಗೇ ಇರಲಿ, ಹೋದದ್ದು ಮೂರು ಸಾವಿರದ ಇನ್ನೂರು.