ಬೆನ್ನಿನ ಡಾಕ್ಟರೂ ಅತ್ತೆಯ ಎಡಗಾಲೂ

ನಮ್ಮ ಬೆನ್ನಿನ ಡಾಕ್ಟರಿಗೆ ಅತ್ತೆ ತಮ್ಮ ಮಗಳನ್ನು ಕೊಟ್ಟದ್ದು ತಲೆಯ ಡಾಕ್ಟರೆಂದು ನಂಬಿ. ನರಗಳ ಶಸ್ತ್ರಚಿಕಿತ್ಸೆ ಕಲಿಯುವ ಹುಡುಗ ಮೆದುಳಿಗೇ ಕೈಹಾಕುತ್ತಾನೆ ಎಂಬುದು ಅವರ ಎಣಿಕೆ. ಗುರುಗಳು ಹುಡುಗನನ್ನು ಬೆನ್ನುಮೂಳೆಯ ವಾರ್ಡಿಗೆ ಹಾಕಿದರು. ಹುಡುಗ ಅಲ್ಲೇ ಬೇರುಬಿಟ್ಟ. “ತಲೆ ತನಕ ಹೋಗೋಕೆ ಆಗ್ಲಿಲ್ಲ ಪಾಪ, ಬೆನ್ನಲ್ಲೇ ಇಳ್ಕೊಂಡ್ರು,” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಗುರುಗಳದು ವಿಚಿತ್ರ ಪಾಠ. ಸ್ಕ್ಯಾನನ್ನು ಬಚ್ಚಿಟ್ಟು, ಶಿಷ್ಯನನ್ನು ಬಾಗಿಲಿಗೆ ಬೆನ್ನುಹಾಕಿ ಕೂರಿಸಿ, “ರೋಗಿ ಬರ್ತಿದಾರೆ. ನೋಡ್ಬೇಡ, ಕೇಳು,” ಎನ್ನುವರು. ಹೆಜ್ಜೆಯ ಸದ್ದಿನಲ್ಲೇ ಯಾವ ನರ ಸೋತಿದೆಯೆಂದು ಹೇಳಬೇಕು. ತಪ್ಪಿದರೆ ಕಾರಿಡಾರಿನುದ್ದಕ್ಕೂ ಆ ರೋಗಿಯಂತೆಯೇ ಕುಂಟಿ ತೋರಿಸಬೇಕು. ಮೊದಲ ವರ್ಷ ಡಾಕ್ಟರು ಕುಂಟಿದ್ದೇ ಕುಂಟಿದ್ದು. ಆಮೇಲೆ ಕಿವಿ ಎಷ್ಟು ಪಳಗಿತೆಂದರೆ, ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರ ಸೊಂಟ ವಿಚಾರಿಸಿ ಬೈಸಿಕೊಂಡದ್ದೂ ಉಂಟು.

ಆ ಕಿವಿಗೆ ಅತ್ತೆ ಮಾತ್ರ ಸಿಕ್ಕಿರಲಿಲ್ಲ. ಇತ್ತೀಚೆಗೆ ಅಳಿಯ ಮನೆಯಲ್ಲಿರುವಷ್ಟು ಹೊತ್ತೂ ಅವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಡಾಕ್ಟರು ಅದನ್ನು ಗತ್ತು ಎಂದುಕೊಂಡಿದ್ದರು. ಒಂದು ಭಾನುವಾರ ಗಡ್ಡ ಹೆರೆಯುತ್ತಿದ್ದಾಗ ಹಜಾರದಿಂದ ಸದ್ದು: ಒಂದು ಹೆಜ್ಜೆ ಮೆತ್ತಗೆ, ಇನ್ನೊಂದು ಪಟ್. ಮೆತ್ತಗೆ, ಪಟ್. ಮುಖದ ತುಂಬ ನೊರೆ ಮೆತ್ತಿಕೊಂಡೇ ಓಡಿಬಂದರು.

“ಎಡಗಾಲು ಯಾವಾಗಿಂದ ಹೀಗೆ ಬೀಳ್ತಿದೆ ಅತ್ತೆ?”

“ಚಪ್ಪಲಿ ಸಡಿಲ.”

“ಬರಿಗಾಲಲ್ಲಿದೀರಿ.”

ಸೊಂಟದಲ್ಲಿ ಮೂಳೆಗಳ ನಡುವಿನ ಮೆತ್ತೆ ಜಾರಿ ನರವನ್ನು ಅಮುಕಿತ್ತು. ತಡಮಾಡಿದರೆ ಪಾದ ಮತ್ತೆ ಮೇಲೇಳದು. ಕೊಯ್ದರೂ ಏಳುವ ಖಾತ್ರಿಯಿಲ್ಲ. ಆಪರೇಷನ್ ತಮ್ಮ ಶಿಷ್ಯೆ ಮಾಡುತ್ತಾಳೆ ಎಂದರು ಡಾಕ್ಟರು.

“ಊರವರ ಬೆನ್ನೆಲ್ಲ ಕೊಯ್ತೀರಿ, ನನ್ನದಕ್ಕೆ ಕೈ ನಡುಗುತ್ತಾ?”

“ಊರವರು ಯಾರೂ ನನ್ನ ಅತ್ತೆ ಅಲ್ವಲ್ಲ.”

ಅತ್ತೆ ಸೆರಗು ಸರಿಮಾಡಿಕೊಂಡು, “ಹಾಗಾದ್ರೆ ಆ ಹುಡುಗಿಗೇ ಹೇಳಿ,” ಎಂದರು.

ಆಪರೇಷನ್ ದಿನ ಡಾಕ್ಟರಿಗೆ ಬಾಗಿಲಿನ ಹೊರಗಿನ ಬೆಂಚು. ಗಾಬರಿ ಬೇಡವೆಂದು ಜನ್ಮವಿಡೀ ಮಂದಿಗೆ ಹೇಳಿದವರು ಈಗ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದರು. “ಕೂತ್ಕೊಳ್ರೀ, ನಿಮ್ಮನ್ನ ನೋಡಿ ನಂಗೆ ತಲೆ ಸುತ್ತುತ್ತೆ,” ಎಂದಳು ಹೆಂಡತಿ.

ಕೊನೆಗೂ ಶಿಷ್ಯೆ ಹೊರಬಂದಳು. “ಎಲ್ಲ ಸರಿಯಾಯ್ತು ಸಾರ್, ಎಚ್ಚರ ಆಗಿದೆ. ಆದ್ರೆ ಪಾದ ಎತ್ತಿ ಅಂದ್ರೆ ಎತ್ತುತ್ತಿಲ್ಲ.”

ಡಾಕ್ಟರು ಅವಳ ಎದುರಿಗೇ ಬಂದು ನಿಂತರು. “ಆಗ್ತಿಲ್ವಾ?”

“ಗೊತ್ತಿಲ್ಲ ಸಾರ್. ಅಳಿಯಂದಿರು ಬರೋ ತನಕ ಯಾರಿಗೂ ತೋರ್ಸಲ್ಲ ಅಂತ ಹಟ ಹಿಡಿದಿದಾರೆ.”

ಡಾಕ್ಟರು ಹೋಗಿ ಮಂಚದ ಕಾಲುಬದಿಯಲ್ಲಿ ನಿಂತರು. ಸಾವಿರ ರೋಗಿಗಳಿಗೆ ‘ಪಾದ ಎತ್ತಿ’ ಎಂದವರು ಈಗ ಹೊದಿಕೆಯ ಅಂಚು ಸರಿಮಾಡತೊಡಗಿದರು. ಅತ್ತೆ ಅರೆಗಣ್ಣು ತೆರೆದು ಅವರನ್ನೇ ನೋಡಿದರು. ಹೊದಿಕೆಯಡಿಯಲ್ಲಿ ಎಡಪಾದ ನಿಧಾನವಾಗಿ, ಪೂರ್ತಿಯಲ್ಲದಿದ್ದರೂ ಅರ್ಧದಷ್ಟು, ಎದ್ದಿತು.

“ಇವತ್ತಿಗೆ ಇಷ್ಟೇ,” ಎಂದರು ಅತ್ತೆ. “ಕಣ್ಣೊರೆಸ್ಕೊಳ್ಳಿ. ಆ ಹುಡುಗಿ ನೋಡಿದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು?”