ನಾನು ಬಚ್ಚಿಟ್ಟ ಹದಿನಾಲ್ಕು ಸೀಸೆಗಳು

ಭಕ್ತ ಬಂಧುಗಳೆಲ್ಲರಿಗೂ ಶರಣು. ಕಾಯಿಲೆ ಬಿಟ್ಟದ್ದು, ಕಂಕಣ ಕೂಡಿಬಂದದ್ದು, ಇಂಥ ದೈವಕೃಪೆಯ ಅನುಭವಗಳನ್ನು ನೀವೆಲ್ಲ ಇಲ್ಲಿ ಬರೆದಿದ್ದೀರಿ. ನಾನು ಬರೆಯುತ್ತಿರುವುದು ನನ್ನ ಹೊಟ್ಟೆಕಿಚ್ಚಿನ ಬಗ್ಗೆ. ಓದುತ್ತಾ ನನ್ನನ್ನು ಬೈದುಕೊಂಡರೂ ಸರಿ, ಕೊನೆಯವರೆಗೆ ಓದಿ.

ನಮ್ಮದು ಹಾವೇರಿ ಕಡೆ. ಮದುವೆಯಾಗಿ ಕೆಂಗೇರಿ ಉಪನಗರಕ್ಕೆ ಬಂದು ಇಪ್ಪತ್ತೈದು ವರ್ಷ ದಾಟಿತು. ಮೈಸೂರು ರಸ್ತೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಹಿರಿಯ ಟೆಕ್ನೀಷಿಯನ್. ರೋಗಿಯ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಸೇರಿದೆ ಎಂದು ಬೆಳೆಸಿ ನೋಡುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ನಂದಿನಿ ಎಂಬ ಹುಡುಗಿ ಪಿಎಚ್.ಡಿ. ಮುಗಿಸಿ ನಮ್ಮಲ್ಲಿಗೆ ಬಂದಳು. ನಾನು ಬೆಳೆಸಿಕೊಟ್ಟ ಬ್ಯಾಕ್ಟೀರಿಯಾದ ಜೀನೋಮನ್ನು ಯಂತ್ರದಲ್ಲಿ ಓದಿಸಿ, ಯಾವುದಕ್ಕೆ ಯಾವುದು ನೆಂಟ, ಯಾವುದು ಎಲ್ಲಿಂದ ಹರಡಿತು ಎಂದು ಪತ್ತೆ ಮಾಡುವುದು ಅವಳ ಕೆಲಸ. ನನ್ನನ್ನು ಶೈಲಕ್ಕ ಎಂದು ಕರೆಯುತ್ತಿದ್ದಳು. ಡಬ್ಬಿಯಲ್ಲಿ ಏನಿದ್ದರೂ ಅರ್ಧ ನನಗೆ ಕೊಡುತ್ತಿದ್ದಳು. ಅವಳಲ್ಲಿ ತಪ್ಪು ಹುಡುಕಲು ಏನೂ ಸಿಗುತ್ತಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಉರಿ.

ನಮ್ಮ ಹಸುಗೂಸುಗಳ ವಾರ್ಡಿನಲ್ಲಿ ಒಂದು ಹಟಮಾರಿ ಬ್ಯಾಕ್ಟೀರಿಯಾ ಕೆಲವು ತಿಂಗಳಿಗೊಮ್ಮೆ ತಲೆಯೆತ್ತುತ್ತಿತ್ತು. ಹಾಸಿಗೆ, ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ, ನರ್ಸುಗಳ ಕೈ ಎಲ್ಲ ಪರೀಕ್ಷಿಸಿದರೂ ಮೂಲ ಸಿಕ್ಕಿರಲಿಲ್ಲ. ನಂದಿನಿ ಅದರ ಬೆನ್ನು ಹತ್ತಿದಳು. ಹೋದ ಕಾರ್ತಿಕದಲ್ಲಿ ವಿಜಯನಗರದ ಒಂದು ಕಾಲೇಜಿನಲ್ಲಿ ರೋಗಾಣುಗಳ ಜೀನೋಮ್ ಕುರಿತು ದೊಡ್ಡ ವಿಚಾರ ಸಂಕಿರಣವಿತ್ತು. ಅಲ್ಲಿ ಮಾತಾಡಲು ಅವಳಿಗೆ ಕರೆ ಬಂತು. ನನಗೆ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ.

ಅದಕ್ಕೆ ಒಂದು ವಾರ ಮುಂಚೆ ಅವಳು ಬಂದು ಕೇಳಿದಳು. "ಶೈಲಕ್ಕ, ನಾನು ಸೇರೋಕ್ ಮುಂಚಿನ ಸ್ಯಾಂಪಲ್ ಏನಾದ್ರೂ ಇಟ್ಟಿದೀರಾ?"

"ಫ್ರೀಜರ್ ಕೆಟ್ಟಿತ್ತಲ್ಲ, ಎಲ್ಲಾ ಹಾಳಾದ್ವು. ಬಿಸಾಕ್ಬಿಟ್ವಿ" ಎಂದೆ.

ಸುಳ್ಳು. ಆ ಹಳೆಯ ಸ್ಯಾಂಪಲ್ಲಿನ ಹದಿನಾಲ್ಕು ಸೀಸೆಗಳು ಇನ್ನೊಂದು ಫ್ರೀಜರಿನ ಕೆಳಗಿನ ಅರೆಯಲ್ಲಿ ಕ್ಷೇಮವಾಗಿದ್ದವು. ಯಾರೂ ಹೇಳದಿದ್ದರೂ ನಾನೇ ಎತ್ತಿಟ್ಟು, ನನ್ನ ಕೈಯಾರೆ ಚೀಟಿ ಅಂಟಿಸಿದವು. ಅಷ್ಟು ವರ್ಷ ಯಾರಿಗೂ ಬೇಡವಾಗಿದ್ದ ನನ್ನ ಶ್ರಮ ಈಗ ಅವಳ ಭಾಷಣಕ್ಕೆ ಒಗ್ಗರಣೆ ಆಗಬೇಕೇ ಎನ್ನಿಸಿತು.

ಅದೇ ವಾರ ನನ್ನ ಮಗಳು ಸುಮಾಳಿಗೆ ಎಂಟು ತಿಂಗಳಿಗೇ ಹೆರಿಗೆಯಾಗಿ, ಮೊಮ್ಮಗಳನ್ನು ನಮ್ಮ ಆಸ್ಪತ್ರೆಯ ಅದೇ ವಾರ್ಡಿನಲ್ಲಿ ಇಟ್ಟರು. ಕೂಸು ಚೆನ್ನಾಗಿಯೇ ಇತ್ತು. ಎರಡು ತಿಂಗಳಿಂದ ವಾರ್ಡಿನಲ್ಲಿ ಆ ಕಾಟವೂ ಇರಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಸಂಕಿರಣ ಇದ್ದದ್ದು ಸೋಮವಾರ. ಬೆಳಿಗ್ಗೆ ನಮ್ಮ ಬಡಾವಣೆಯ ಈಶ್ವರನ ಗುಡಿಗೆ ಹೋಗಿ ಬಿಲ್ವಪತ್ರೆ ಕೊಟ್ಟು, ಕಣ್ಣು ಮುಚ್ಚಿ ಬೇಡಿಕೊಂಡೆ: ಅಪ್ಪಾ, ಅವಳು ಒಂದು ಪ್ರಶ್ನೆಗಾದರೂ ತಡಬಡಾಯಿಸಲಿ.

ನಂದಿನಿ ಸೊಗಸಾಗಿ ಮಾತಾಡಿದಳು. ತೆರೆಯ ಮೇಲೆ ಬ್ಯಾಕ್ಟೀರಿಯಾಗಳ ವಂಶವೃಕ್ಷ ಬಂತು. ಅದರ ಪ್ರತಿ ಕೊಂಬೆಯನ್ನೂ ಬೆಳೆಸಿದ ಕೈ ನನ್ನದು. ಕೊನೆಯಲ್ಲಿ ಮುಂದಿನ ಸಾಲಿನ ಹಿರಿಯ ಪ್ರೊಫೆಸರೊಬ್ಬರು ಎದ್ದು, "ಇದರ ಬೇರು ಎಲ್ಲಿದೆಯಮ್ಮ? ಹಳೇ ಸ್ಯಾಂಪಲ್ ನೋಡಿಲ್ವಾ?" ಎಂದು ಕೇಳಿದರು.

"ಹಳೇವು ಹಾಳಾಗಿವೆ ಸಾರ್. ಅದಕ್ಕೇ ಮೂಲ ಹೇಳೋಕೆ ಆಗ್ತಾ ಇಲ್ಲ."

"ಹಾಗಾದ್ರೆ ಇದು ಅರ್ಧ ಕೆಲಸ ಆಯ್ತಲ್ಲ" ಎಂದು ಅವರು ಕೂತುಬಿಟ್ಟರು.

ಅವಳ ಮುಖ ಬಾಡಿತು. ನನ್ನ ಮೈಯೆಲ್ಲ ತಂಪಾಯಿತು. ಬೆಳಿಗ್ಗೆ ಬೇಡಿದ್ದನ್ನು ದೇವರು ಮಧ್ಯಾಹ್ನದೊಳಗೆ ಕೊಟ್ಟಿದ್ದ.

ಊಟದ ಸಾಲಿನಲ್ಲಿ ನಿಂತಿದ್ದಾಗ ಸುಮಾಳ ಫೋನ್ ಬಂತು. "ಅಮ್ಮಾ, ಕೂಸು ಬೆಳಗಿಂದ ಹಾಲು ಕುಡೀತಿಲ್ಲ. ಮೈ ತಣ್ಣಗಿದೆ. ಡಾಕ್ಟರ್ ರಕ್ತ ತಗೊಂಡ್ರು. ನೀನು ಬೇಗ ಬಾ."

ಪುಟ್ಟ ಕೂಸುಗಳಲ್ಲಿ ಅದರ ಅರ್ಥ ರಕ್ತಕ್ಕೆ ಸೋಂಕು ತಗಲಿರಬಹುದು ಎಂದು ನನಗೆ ಗೊತ್ತು. ತಟ್ಟೆ ಕೈಯಿಂದ ಜಾರಿತು. ಓಡಿ ಬಂದವಳು ನಂದಿನಿ. ವಿಷಯ ಕೇಳಿ, ಊಟ ಬಿಟ್ಟು, ಭಾಷಣವಾದ ಮೇಲೆ ಸನ್ಮಾನಕ್ಕೆ ಹೊದಿಸಿದ್ದ ಶಾಲನ್ನು ಚೀಲಕ್ಕೆ ತುರುಕಿ, "ಒಬ್ಬರೇ ಹೋಗಬೇಡಿ ಶೈಲಕ್ಕ, ನಾನೂ ಬರ್ತೀನಿ" ಎಂದು ನನ್ನ ಜೊತೆ ಮೆಟ್ರೋ ಹತ್ತಿದಳು. ಬಂಧುಗಳೇ, ಆ ಹೊತ್ತಿನಲ್ಲೂ ಚೀಲದಿಂದ ಇಣುಕುತ್ತಿದ್ದ ಶಾಲಿನ ಅಂಚು ನನ್ನ ಕಣ್ಣು ಚುಚ್ಚುತ್ತಿತ್ತು.

ಅತ್ತಿಗುಪ್ಪೆ ದಾಟಿತು. ಕೊರಳಲ್ಲಿದ್ದ ಲಿಂಗವನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದೆ. ಕೂಸನ್ನು ಉಳಿಸು ಎಂದು ಕೇಳಲು ನಾಲಿಗೆ ಏಳಲಿಲ್ಲ. ಬೇರೆಯವರ ಕೂಸುಗಳ ವಿಷಯದಲ್ಲಿ ಸುಳ್ಳು ಹೇಳಿದವಳಿಗೆ ಯಾವ ಮುಖವಿದೆ? ಕಡೆಗೆ ಒಂದೇ ಮಾತು ಬಂತು: ಶಿವನೇ, ನನ್ನ ಬಾಯಿ ಬಿಡಿಸು.

ನಾಯಂಡಹಳ್ಳಿ ಕಳೆದ ಮೇಲೆ ನನ್ನ ದನಿ ನನಗೇ ಕೇಳಿಸಿತು. "ನಂದಿನಿ, ಹಳೇ ಸೀಸೆಗಳು ಹಾಳಾಗಿಲ್ಲ. ನಿನಗೆ ಕೊಡಬಾರದು ಅಂತ ನಾನೇ ಬಚ್ಚಿಟ್ಟೆ."

ಅವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಇವತ್ತು ನಿಮ್ಮ ಮೊಮ್ಮಗಳಿಗೆ ಹೀಗಾಗದೇ ಹೋಗಿದ್ರೆ ಹೇಳ್ತಿದ್ರಾ?"

"ಇಲ್ಲ" ಎಂದೆ.

"ಎಷ್ಟಿವೆ?"

"ಹದಿನಾಲ್ಕು. ಅದರಲ್ಲಿ ಒಂದು ಮಾತ್ರ ವಾರ್ಡಿನದಲ್ಲ, ಕೂಸುಗಳಿಗೆ ಹಾಲಿನ ಪುಡಿ ಕಲಸೋ ಕೋಣೆಯ ಸಿಂಕಿಂದು. ಆಗ ಸುಮ್ಮನೆ ನೋಡೋಣ ಅಂತ ತೆಗೆದಿದ್ದೆ."

ಅವಳು ಥಟ್ಟನೆ ನನ್ನ ಕಡೆ ತಿರುಗಿದಳು. ಆ ಕೋಣೆ ವಾರ್ಡಿನ ಆಚೆ ಇದೆ. ಅದನ್ನು ಪರೀಕ್ಷಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇಳಿಯುವ ಮೊದಲೇ ಅವಳು ವಾರ್ಡಿನ ಡಾಕ್ಟರಿಗೆ ಫೋನ್ ಮಾಡಿ ಆ ಸಿಂಕ್ ಬಂದ್ ಮಾಡಿಸಿದಳು.

ಕೂಸಿನ ರಕ್ತದಲ್ಲಿ ಅದೇ ಬ್ಯಾಕ್ಟೀರಿಯಾ ಬೆಳೆಯಿತು. ಅದನ್ನು ಬೆಳೆಸಿದ ಲ್ಯಾಬಿನ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದವಳು ನಾನೇ. ಡಾಕ್ಟರ್ ಔಷಧಿ ಬದಲಿಸಿದರು. ಮೂರು ದಿನ ಗಾಜಿನ ಆಚೆ ನಿಂತು ನೋಡಿದೆವು. ನಾಲ್ಕನೇ ದಿನ ಕೂಸು ಹಾಲು ಎಳೆಯಿತು. ಉಳಿಸಿದ್ದು ಔಷಧಿ, ಅದನ್ನು ನಾನು ಮರೆಮಾಚುವುದಿಲ್ಲ. ಇತ್ತ ಜೀನೋಮ್ ಓದಿದಾಗ, ಹಳೆಯ ಸಿಂಕಿನದೂ ಇಂದಿನ ಕೂಸುಗಳದೂ ಒಂದೇ ಕುಲ ಎಂದು ಖಚಿತವಾಯಿತು. ಕೊಳವೆಯ ಸಮೇತ ಆ ಸಿಂಕನ್ನೇ ಕಿತ್ತು ಹಾಕಿದರು. ಅಂದಿನಿಂದ ಈವರೆಗೆ ವಾರ್ಡಿನಲ್ಲಿ ಆ ಕಾಟ ಮರಳಿಲ್ಲ.

ನಂದಿನಿ ನನ್ನ ಸುಳ್ಳನ್ನು ಯಾರಿಗೂ ಹೇಳಲಿಲ್ಲ. ಮೇಲಿನವರಿಗೆ ನಾನೇ ಹೋಗಿ ಹೇಳಿದೆ, ಬೈಗುಳವನ್ನೂ ತಿಂದೆ. ಆದರೆ ಅವಳು ಈಗ ನನ್ನನ್ನು ಮೇಡಂ ಎನ್ನುತ್ತಾಳೆ. ಅದು ನನಗೆ ಸಲ್ಲಬೇಕಾದ್ದೇ. ಮೊನ್ನೆ ಅವಳ ಪ್ರಬಂಧ ಅಚ್ಚಾಗಿ ಬಂತು. ಅವಳ ಹೆಸರಿನ ಪಕ್ಕದಲ್ಲೇ ನನ್ನ ಹೆಸರು. ನೋಡಿದ ಕೂಡಲೇ ಮನಸ್ಸಿಗೆ ಬಂದದ್ದು, ಎರಡನೆಯದು ಯಾಕೆ ಎಂದು. ನಾಚಿಕೆಯಾಗಿ ಅಲ್ಲಿಂದ ನೇರ ಗುಡಿಗೆ ಹೋದೆ.

ಮೊಮ್ಮಗಳು ಈಗ ಅಂಬೆಗಾಲಿಡುತ್ತಾಳೆ. ಶಿವನು ಕೇಳಿಸಿಕೊಳ್ಳುತ್ತಾನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಉಳಿದಿಲ್ಲ. ಒಂದೇ ದಿನ ನನ್ನ ಕೆಟ್ಟ ಬೇಡಿಕೆಯನ್ನೂ ಕೇಳಿಸಿಕೊಂಡ, ಒಳ್ಳೆಯದನ್ನೂ ನಡೆಸಿಕೊಟ್ಟ. ಆದ್ದರಿಂದ ಈಗ ಗುಡಿಯಲ್ಲಿ ಕೈಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಯೋಚಿಸುತ್ತೇನೆ. ಆಮೇಲೆ ಬೇಡುತ್ತೇನೆ.